ಅಂತಿಮ ವಿಚಾರಣೆ ಸಂಜೆ ಏಳೂವರೆಗೆ

ವಕೀಲ ರಘೋತ್ತಮರು ತಮ್ಮ ಮದುವೆಯ ದಿನವನ್ನು ಮರೆತದ್ದು ಒಟ್ಟು ಇಪ್ಪತ್ತನಾಲ್ಕು ಸಲ. ಆಗ ಮದುವೆಯಾಗಿಯೂ ಇಪ್ಪತ್ತನಾಲ್ಕೇ ವರ್ಷವಾಗಿತ್ತು. ಕಳೆದ ವರ್ಷ ಅವರ ಹೆಂಡತಿ ಸುಮನ ದನಿ ಏರಿಸದೆ ಒಂದು ಮಾತು ಹೇಳಿದ್ದರು.

“ಇಪ್ಪತ್ತೈದನೇದ್ದೂ ಮರೆತ್ರ ನಾ ಒಂದು ತಿಂಗಳು ವಿಜಯಪುರಕ್ಕ, ತಂಗಿ ಮನಿಗೆ. ನೀವು ನಿಮ್ಮ ಡೈರಿ ಕೂಡ ಅಡಿಗಿ ಮಾಡ್ಕೊಂಡು ಉಣ್ರಿ.”

ರಘೋತ್ತಮರಿಗೆ ಚಹಾ ಕಾಸಲೂ ಬರುತ್ತಿರಲಿಲ್ಲ. ನಾಸಿಕಕ್ಕೆ ಬಂದು ಇಪ್ಪತ್ತು ವರ್ಷವಾದರೂ ಅವರ ಹೊಟ್ಟೆ ಮಾತ್ರ ವಿಜಯಪುರದಲ್ಲೇ ಇತ್ತು. ಸುಮನ ಇಲ್ಲದ ಒಂದು ತಿಂಗಳು ಅಂದರೆ ಮೂವತ್ತು ದಿನ ವಡಾಪಾವು. ಅದಕ್ಕಿಂತ ಹೆಚ್ಚಾಗಿ, ಆಕೆ ಇಲ್ಲದ ಮನೆಯಲ್ಲಿ ತನ್ನ ಕನ್ನಡಕ ಎಲ್ಲಿದೆ ಎಂದು ಯಾರನ್ನು ಕೇಳುವುದು ಎಂಬ ಭಯ.

ದೇವರು ಕಣ್ತೆರೆದಂತೆ ಜನವರಿಯಲ್ಲಿ ಕೋರ್ಟಿನ ಬಾರ್ ರೂಮಿನಲ್ಲಿ ಅದ್ವೈತ್ ಭಾಷಣ ಮಾಡಿದ. ನಾಸಿಕದಲ್ಲೇ ಹುಟ್ಟಿದ ಕನ್ನಡದ ಹುಡುಗ, ವಕೀಲಿಗೆ ಇಳಿದು ಆರು ವರ್ಷವಾದವನು, ಫೋನಿನೊಳಗೇ ಇಡೀ ಕಚೇರಿ ಇಟ್ಟುಕೊಂಡವನು. ವಕೀಲರ ಆ್ಯಪ್ ಒಂದನ್ನು ತೋರಿಸಿ, “ಕಾಕಾ, ಎರಡು ಡೈರಿ ಠೇವೂ ನಕಾ, ಇಡಲೇಬೇಡಿ. ಕೋರ್ಟು, ಮನೆ ಎಲ್ಲಾ ಒಂದೇ ಜಾಗಾದಲ್ಲಿ ಹಾಕಿ. ಡೋಕಂ ಖಾಲಿ ಇಟ್ಕೊಳ್ಳಿ. ತಾರೀಖು ನೋಡ್ಕೊಳ್ಳೋದು ಅದರ ಕಾಮ್, ನಿಮ್ಮದಲ್ಲ” ಎಂದ.

ತಲೆ ಖಾಲಿ ಇಟ್ಟುಕೊಳ್ಳುವುದು ರಘೋತ್ತಮರಿಗೆ ಹಿಡಿಸಿತು. ಅಂದೇ ಮನೆಗೆ ಬಂದು, ಕಪಾಟಿನಿಂದ ಲಗ್ನಪತ್ರಿಕೆ ಹುಡುಕಿ ತೆಗೆದು, ಅದರಲ್ಲಿದ್ದ ತಾರೀಖನ್ನು ಆ್ಯಪಿಗೆ ತುಂಬಲು ಕೂತರು. ಆ್ಯಪಿಗೆ ಮೊಕದ್ದಮೆ ಬಿಟ್ಟರೆ ಬೇರೆ ಲೋಕ ಗೊತ್ತಿರಲಿಲ್ಲ. ಅರ್ಜಿದಾರ ಯಾರು ಎಂದು ಕೇಳಿತು. ‘ರಘೋತ್ತಮ’ ಎಂದು ಬರೆದರು. ಪ್ರತಿವಾದಿ? ‘ಸುಮನ.’ ವಿಷಯ? ‘ಮದುವೆ.’ ಹಂತ? ಊಟವೇ ಕೊನೆಯ ಹಂತವಲ್ಲವೇ ಎಂದುಕೊಂಡು ‘ಅಂತಿಮ ವಿಚಾರಣೆ’ ಒತ್ತಿದರು. ವೇಳೆ, ಸ್ಥಳ? ‘ಸಂಜೆ ಏಳೂವರೆ, ಗಂಗಾಪುರ ರಸ್ತೆಯ ಹೋಟೆಲ್.’ ಊಟಕ್ಕೆ ಕರೆಯಬೇಕಾದ ಹನ್ನೊಂದು ಜನರನ್ನು ಎಲ್ಲಿ ಹಾಕುವುದೆಂದು ತಿಳಿಯದೆ ‘ಸಾಕ್ಷಿಗಳು’ ಎಂಬ ಕಡೆ ಹಾಕಿದರು. ಸುಮನಳ ನಂಬರು ಕೊಟ್ಟರೆ ಗುಟ್ಟು ಬಯಲಾಗುತ್ತದೆಂದು ಅಲ್ಲಿ ಕೆಳಗಿನ ಮನೆಯ ಗಿರಿಜಮ್ಮನ ನಂಬರು ಕೊಟ್ಟರು. ಸಂಜೆ ಆಕೆಯೇ ಸುಮನಳನ್ನು ಹೋಟೆಲ್ಲಿಗೆ ಕರೆತಂದರಾಯಿತು.

ಆ್ಯಪ್ ಟಿಣ್ ಎಂದು ಒಪ್ಪಿಕೊಂಡು ಕೆಳಗೆ ಸಣ್ಣಕ್ಷರದಲ್ಲಿ ಏನೋ ಹೇಳಿತು. ಸಹಿಗೆ ಮುಂಚೆ ಸಣ್ಣಕ್ಷರ ಓದಿರಿ ಎಂದು ಕಕ್ಷಿದಾರರಿಗೆ ಜೀವಮಾನವಿಡೀ ಬುದ್ಧಿ ಹೇಳಿದ ರಘೋತ್ತಮರು ‘ಸರಿ’ ಒತ್ತಿ, ತಲೆಯನ್ನು ಖಾಲಿ ಮಾಡಿಕೊಂಡು ಮಲಗಿದರು.

ಆ್ಯಪ್ ಮಾತಿಗೆ ತಪ್ಪಲಿಲ್ಲ. ದಿನ ಹತ್ತಿರ ಬಂದಾಗ, ಶುಕ್ರವಾರವೇ ‘ಮದುವೆ, ಸೋಮವಾರ ಸಂಜೆ ಏಳೂವರೆ’ ಎಂದು ಎಚ್ಚರಿಸಿತು. ರಘೋತ್ತಮರು ಗಂಗಾಪುರ ರಸ್ತೆಯ ಹೋಟೆಲ್ಲಿನಲ್ಲಿ ಹದಿಮೂರು ಕುರ್ಚಿ ಹೇಳಿಟ್ಟರು. ರವಿವಾರ ಪೂರ್ತಿ ಹಳೆಯ ಫೈಲುಗಳನ್ನು ಸ್ಕ್ಯಾನ್ ಮಾಡುತ್ತ ಕೂತರು. ಮಧ್ಯಾಹ್ನ ಎಲೆಗೆ ಹೋಳಿಗೆ ಬಿತ್ತು.

“ಹೋಳಿಗಿ ಚಲೋ ಆಗ್ಯಾವ. ಇವತ್ತೇನು ವಿಶೇಷ?”

“ಏನಿಲ್ಲ. ಕಡ್ಲಿಬ್ಯಾಳಿ ಉಳದಿತ್ತು,” ಎಂದರು ಸುಮನ. ಸಂಜೆಯಿಂದ ಆಕೆ ಮಾತೇ ಬಿಟ್ಟರು. ಈ ಸಲವೂ ಗಂಡ ಮರೆತಾನೆಂದು ಮೊದಲೇ ಮುನಿಸಿಕೊಂಡಿದ್ದಾಳೆ, ನಾಳೆ ಸಂಜೆ ನೋಡಲಿ ನನ್ನ ಕರಾಮತ್ತು, ಎಂದು ರಘೋತ್ತಮರು ಒಳಗೊಳಗೇ ನಕ್ಕು ಇನ್ನೊಂದು ಫೈಲು ಸ್ಕ್ಯಾನರಿಗೆ ಕೊಟ್ಟರು.

ಸೋಮವಾರ ಅವರಿಗೆ ನಾಲ್ಕು ತಾಸಿನ ದಾರಿಯ ಸಂಭಾಜಿನಗರದಲ್ಲಿ ಕೇಸಿತ್ತು. ನಸುಕಿನಲ್ಲೇ ಕಾರು ಹತ್ತಿದರು. ಆ್ಯಪ್ ಹೇಳಿದ ಹೊತ್ತಿಗೆ ಹೇಳಿದ ಕೋಣೆಯಲ್ಲಿ ನಿಂತರು, ಕೇಳಿದ ಕಾಗದವನ್ನು ಕೇಳಿದ ಕೂಡಲೇ ಕೊಟ್ಟರು. ಇವರು ಅದೇ ರಘೋತ್ತಮರೇ ಎಂದು ನ್ಯಾಯಾಧೀಶರು ಕನ್ನಡಕ ಸರಿಪಡಿಸಿಕೊಂಡು ಇನ್ನೊಮ್ಮೆ ನೋಡಿದರು. ಒಂದು ಗಂಟೆಗೆ ಹೊರಬಂದು ಫೋನ್ ತೆರೆದರೆ ಮೂವತ್ತೇಳು ಕರೆ ಬಂದಿದ್ದವು.

ಮೂವತ್ತೆಂಟನೆಯದು ಗಿರಿಜಮ್ಮನ ಗಂಡ ಕೇಶವಮೂರ್ತಿಗಳದು. ತುಮಕೂರಿನವರು, ಬ್ಯಾಂಕಿನ ವರ್ಗದ ಮೇಲೆ ನಾಸಿಕಕ್ಕೆ ಬಂದು, ಬಿಡುವಿನಲ್ಲಿ ಇಡೀ ಅಪಾರ್ಟ್‌ಮೆಂಟಿನ ಸಂಸಾರಗಳನ್ನು ನೋಡಿಕೊಳ್ಳುತ್ತಿದ್ದವರು.

“ಏನ್ರೀ ಇದು ರಘೋತ್ತಮ ಅವ್ರೇ? ಇಷ್ಟು ವರ್ಷ ಸಂಸಾರ ಮಾಡಿ ಈಗ ಹೆಂಡ್ತಿ ಮೇಲೆ ಕೇಸ್ ಹಾಕಿದ್ದೀರಂತೆ. ಸಾಲದ್ದಕ್ಕೆ ನನ್ನನ್ನೇ ಸಾಕ್ಷಿ ಮಾಡಿದ್ದೀರಿ.”

ಬೆಳಿಗ್ಗೆ ಒಂಬತ್ತಕ್ಕೆ ಎಲ್ಲರಿಗೂ ಹೋದ ಇಂಗ್ಲಿಷ್ ಸಂದೇಶವನ್ನು ಅವರು ಓದಿ ಹೇಳಿದರು. ಅದರ ತಾತ್ಪರ್ಯ ಇಷ್ಟು: ರಘೋತ್ತಮ ವಿರುದ್ಧ ಸುಮನ. ವಿಷಯ ಮದುವೆ. ಅಂತಿಮ ವಿಚಾರಣೆ ಇಂದು ಸಂಜೆ ಏಳೂವರೆಗೆ, ಗಂಗಾಪುರ ರಸ್ತೆಯ ಹೋಟೆಲಿನಲ್ಲಿ. ಸಾಕ್ಷಿಗಳು ತಪ್ಪದೆ ಹಾಜರಿರತಕ್ಕದ್ದು.

ರಘೋತ್ತಮರು ಫೋನನ್ನು ಇನ್ನೊಂದು ಕಿವಿಗೆ ಒತ್ತಿಕೊಂಡರು. ನಿಜ ಹೇಳೋಣವೆಂದರೆ ಅತ್ತ ಗಿರಿಜಮ್ಮನ ಉಸಿರಾಟ ಫೋನಿನಲ್ಲೇ ಕೇಳುತ್ತಿತ್ತು. ಆಕೆಗೆ ಹೇಳುವುದೂ ಒಂದೇ, ಗೋದಾವರಿ ಘಾಟಿನಲ್ಲಿ ಡಂಗುರ ಸಾರುವುದೂ ಒಂದೇ.

“ಹಂಗಲ್ಲ ಸಾಹೇಬ್ರ. ಈಗೇನೂ ಕೇಳಬ್ಯಾಡ್ರಿ. ಸಂಜಿಗೆ ಸುಮನಾನ್ನ ಕರಕೊಂಡು ಬರ್ರಿ, ಎಲ್ಲಾ ತಿಳೀತದ.”

“ಇನ್ನೇನು ತಿಳಿಯೋದಿದೆ?” ಗಿರಿಜಮ್ಮ ಫೋನ್ ಕಸಿದುಕೊಂಡರು. “ನಿನ್ನೆ ಸಂಜೆ ಆಯಮ್ಮ ರೇಷ್ಮೆ ಸೀರೆ ಉಟ್ಕೊಂಡು ಒಬ್ಬಳೇ ಗುಡಿಗೆ ಹೋಗಿದ್ಲು. ಕಣ್ಣು ಕೆಂಪಗಿತ್ತು. ಏನಾಯ್ತಮ್ಮಾ ಅಂದ್ರೆ, ಈರುಳ್ಳಿ ಹೆಚ್ಚಿದ್ದೆ ಅಂದ್ಲು. ಹೋಳಿಗೆ ಮಾಡೋ ದಿನ ಯಾರ್ರೀ ಈರುಳ್ಳಿ ಹೆಚ್ಚುತಾರೆ? ಈಗ ನಿಮ್ಮ ನೋಟಿಸು ತೋರಿಸಿದೆ. ಒಂದು ಮಾತೂ ಆಡದೆ ಒಳಗೆ ಹೋಗಿ ಬಟ್ಟೆ ಮಡಚ್ತಾ ಇದಾಳೆ.”

ರಘೋತ್ತಮರು ಸುಮನಳಿಗೆ ಫೋನ್ ಮಾಡಿದರು. ಸ್ವಿಚ್ ಆಫ್. ಅವರಿಗೆ ನಿಜವಾಗಿಯೂ ಹೆದರಿಕೆಯಾಯಿತು. ಆದರೆ ಸಂಜೆಯ ತನಕ ತಡೆದುಕೊಂಡರೆ ಎಲ್ಲ ಸರಿಹೋಗುತ್ತದೆ, ತಾರೀಖು ಮಾತ್ರ ತಪ್ಪಬಾರದು ಎಂದು ಎದೆ ಗಟ್ಟಿ ಮಾಡಿಕೊಂಡು ಕಾರು ತಿರುಗಿಸಿದರು. ಸೀರೆಗೆ ಹೆಸರಾದ ಯೇವಲೆಯಲ್ಲಿ ನಿಲ್ಲಿಸಿ, ಬೆಲೆ ಕೇಳದೆ ನವಿಲಿನ ಸೆರಗಿನ ಒಂದು ಪೈಠಣಿ ಸೀರೆ ಕೊಂಡರು. ಮದುವೆಯಾದ ಮೇಲೆ ಅವರು ಬೆಲೆ ಕೇಳದೆ ಕೊಂಡ ಮೊದಲ ವಸ್ತು ಅದು.

ಲಾಸಲಗಾಂವ್ ಕಡೆಯ ಈರುಳ್ಳಿ ಟ್ರ್ಯಾಕ್ಟರುಗಳು ರಸ್ತೆ ತುಂಬ ನಿಂತಿದ್ದವು. ಮುಂದಕ್ಕೂ ದಾರಿಯಿಲ್ಲ, ಹಿಂದಕ್ಕೂ ಇಲ್ಲ. ಅಲ್ಲಿ ಸಿಕ್ಕಿಕೊಂಡ ಒಂದೂವರೆ ಗಂಟೆಯಲ್ಲಿ ಹನ್ನೊಂದು ಸಾಕ್ಷಿಗಳ ಪೈಕಿ ಒಂಬತ್ತು ಮಂದಿ ಫೋನ್ ಮಾಡಿದರು. ಓಝರ್ ವಿಮಾನ ಕಾರ್ಖಾನೆಯ ರೇವಣಪ್ಪ, “ವಕೀಲ್ರ, ನಾ ಮಾತ್ರ ಸುಮನಾ ವೈನಿ ಕಡೆ ಸಾಕ್ಷಿ ಹೇಳಾಂವ. ನಿಮ್ಮ ಮನ್ಯಾಗ ಎಷ್ಟು ಸಲ ಉಂಡೀನಿ, ಸುಳ್ಳ ಹೆಂಗ ಹೇಳಲಿ?” ಎಂದ. ರಘೋತ್ತಮರು ಎಲ್ಲರಿಗೂ ಒಂದೇ ಉತ್ತರ ಕೊಟ್ಟರು, ಸಂಜಿಗೆ ಬರ್ರಿ.

ಏಳೂವರೆಗೆ ಸರಿಯಾಗಿ, ಮೈಯೆಲ್ಲ ಧೂಳಾಗಿ, ಬಗಲಲ್ಲಿ ಸೀರೆ ಹಿಡಿದು ಅವರು ಹೋಟೆಲ್ ಹೊಕ್ಕರು. ಹನ್ನೊಂದೂ ಜನ ಸಾವಿನ ಮನೆಗೆ ಬಂದವರ ಹಾಗೆ ಕೂತಿದ್ದರು. ನಡುವೆ ಸುಮನ, ಸಾದಾ ನೂಲಿನ ಸೀರೆ, ಪಕ್ಕದಲ್ಲಿ ಊರಿಗೊಯ್ಯುವ ಬ್ಯಾಗು. ಕೇಶವಮೂರ್ತಿಗಳು ರಾಜಿಯ ಷರತ್ತುಗಳನ್ನು ಟೈಪು ಮಾಡಿಸಿಯೇ ತಂದಿದ್ದರು.

ರಘೋತ್ತಮರು ಪೈಠಣಿಯನ್ನು ಸುಮನಳ ಮುಂದಿಟ್ಟು, ಕೋರ್ಟಿನಲ್ಲಿ ನಿಂತಂತೆ ಎದೆ ಸೆಟೆಸಿ ನಿಂತರು.

“ಎಲ್ಲಾರೂ ಕೇಳ್ರಿ. ಯಾವ ಕೇಸೂ ಇಲ್ಲ. ನಮ್ಮ ಲಗ್ನ ಆಗಿ ಇವತ್ತಿಗೆ ಸರಿಯಾಗಿ ಇಪ್ಪತ್ತೈದು ವರ್ಷ. ಈ ಸಲ ನಾ ಮರೆತಿಲ್ಲ, ಸುಮನಾ.”

ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ ಚಪ್ಪಾಳೆ. ಗಿರಿಜಮ್ಮ ಕಣ್ಣೊರೆಸಿಕೊಂಡರು. ಕೇಶವಮೂರ್ತಿಗಳು ಬೇಸರದಿಂದ ಷರತ್ತುಗಳನ್ನು ಜೇಬಿಗೆ ಹಾಕಿಕೊಂಡರು. ಸುಮನ ಸೀರೆಯ ಸೆರಗನ್ನು ಬೆರಳಿನಿಂದ ಸವರಿದರು.

“ಸೀರಿ ಭಾಳ ಚಂದ ಅದ,” ಎಂದರು. “ಲಗ್ನ ಎಂಟನೇ ತಾರೀಖಿಗಾತು. ಇವತ್ತು ಒಂಬತ್ತು.”

ಚಪ್ಪಾಳೆ ನಿಂತಿತು. ರಘೋತ್ತಮರು ಫೋನ್ ತೆರೆದರು. ಸಾಕ್ಷಿಗಳಲ್ಲೊಬ್ಬನಾಗಿದ್ದ ಅದ್ವೈತ್ ಹೆಗಲ ಮೇಲಿಂದ ಬಗ್ಗಿ ನೋಡಿ ಹೆಮ್ಮೆಯಿಂದ ಹೇಳಿದ: “ಬರೋಬರ್ ಆಹೆ ಕಾಕಾ. ಎಂಟು ರವಿವಾರ ಬಂತಲ್ಲ, ಕೋರ್ಟಿಗೆ ಸುಟ್ಟಿ, ರಜಾ. ಅದಕ್ಕೆ ಆ್ಯಪ್ ತಾನೇ ಮರುದಿನಕ್ಕೆ ಹಾಕಿದೆ. ಕೆಳಗೆ ಬರೆದಿದೆ ನೋಡಿ, ಸಣ್ಣ ಅಕ್ಷರದಲ್ಲಿ.”

ಮುಳುಗುವವನಿಗೆ ಹುಲ್ಲುಕಡ್ಡಿ ಸಿಕ್ಕಂತಾಯಿತು. “ಕೇಳ್ದೇನು ಸುಮನಾ? ಇದು ಕಾನೂನು. ಕಡೀ ದಿನ ರಜಾ ಇದ್ರ, ಕೋರ್ಟ್ ತೆರದ ದಿನ ಹಾಜರಾದ್ರೂ ನಡೀತದ. ವ್ಯಾಳ್ಯಾಕ್ಕ ಬಂದಂಗೇ ಲೆಕ್ಕ.”

ಹನ್ನೊಂದು ತಲೆಗಳು ಸುಮನಳ ಕಡೆ ತಿರುಗಿದವು.

“ಅದು ಕೋರ್ಟ್ ಮುಚ್ಚಿದ್ದಾಗ,” ಎಂದರು ಸುಮನ ಮೆಲ್ಲಗೆ. “ನಿನ್ನೆ ನಾ ರೇಷ್ಮಿ ಸೀರಿ ಉಟ್ಟು, ಹೋಳಿಗಿ ಮಾಡಿ, ಮುಂಜಾನಿಂದ ಸಂಜೀ ತನಕ ನಿಮ್ಮ ಎದುರಿಗೇ ಕೂತಿದ್ದೆ. ನನ್ನ ಕೋರ್ಟ್ ತೆರದೇ ಇತ್ತು.”

ರಘೋತ್ತಮರು ಫೋನನ್ನು ಮೇಜಿನ ಮೇಲೆ ಬೋರಲು ಇಟ್ಟರು. ರೇವಣಪ್ಪ ಹೋಳಿಗೆಯ ಮಾತು ಕೇಳಿ ನಿಟ್ಟುಸಿರು ಬಿಟ್ಟ. ಎಲ್ಲರೂ ಹೊಟ್ಟೆ ತುಂಬ ಉಂಡರು. ಬೆಳಿಗ್ಗೆ ಏಳರ ಬಸ್ಸಿಗೆ ಸುಮನ ಪೈಠಣಿಯನ್ನೂ ಬ್ಯಾಗಿಗೆ ಹಾಕಿಕೊಂಡು ವಿಜಯಪುರಕ್ಕೆ ಹೊರಟರು. ಹೋಗುವಾಗ ಗಂಡನ ಕನ್ನಡಕ ಹುಡುಕಿ ಕೈಗೆ ಕೊಟ್ಟು ಹೋದರು.

ರಘೋತ್ತಮರು ಚಹಾಕ್ಕೆ ನೀರಿಟ್ಟು, ಮುಂದೇನು ಹಾಕಬೇಕೆಂದು ಯೋಚಿಸುತ್ತಿರುವಾಗ ಫೋನ್ ಟಿಣ್ ಎಂದಿತು. ‘ಮದುವೆ: ಪ್ರಕರಣದ ಫಲಿತಾಂಶ ನಮೂದಿಸಿ.’ ಅವರು ನಿಟ್ಟುಸಿರಿಟ್ಟು, ಪ್ರಾಮಾಣಿಕವಾಗಿ ‘ಪ್ರತಿವಾದಿಯ ಪರ ಮುಕ್ತಾಯ’ ಒತ್ತಿದರು. ಕೆಳಗೆ ಸಣ್ಣಕ್ಷರದಲ್ಲಿ ಏನೋ ಬಂತು. ಇವತ್ತು ಕನ್ನಡಕವಿತ್ತು, ಓದಿದರು: ‘ಈ ಆದೇಶವನ್ನು ಎಲ್ಲ ಸಾಕ್ಷಿಗಳಿಗೂ ಕಳುಹಿಸಲಾಗಿದೆ.’

ಚಹಾದ ನೀರು ಕುದಿಯುವ ಮೊದಲೇ ಕೆಳಗಿನ ಮನೆಯ ಬಾಗಿಲು ತೆರೆದ ಸದ್ದಾಯಿತು, ಗಿರಿಜಮ್ಮ ಮೆಟ್ಟಿಲು ಹತ್ತಿ ಬರುತ್ತಿದ್ದರು.