ಮೂವತ್ತಾರು ನಂಬರಿನ ತೊಟ್ಟಿಲು

ಹೆಂಡತಿ ಉಮಾಶ್ರೀ ಮುಂಜಾನೆ ಎಂಟಕ್ಕೆ ತವರೂರು ಸಿರಸಂಗಿಯಿಂದ ಫೋನ್ ಮಾಡಿದಳು. ಅಲ್ಲಿಯವರೆಗೆ ರಾಮದುರ್ಗದ ಬಸ್ ಕಂಡಕ್ಟರ್ ಭೀಮಶಿಯ ರಜೆಯ ದಿನ ಸುಖವಾಗಿಯೇ ಇತ್ತು.

"ತೊಟ್ಟಲ ಮುಟ್ಟೇತಿ ಹೌದಲ್ರಿ? ಟೆಂಪೋದಾಗ ಹಗ್ಗ ತಿಕ್ಕಿ ಅಂಚಿಗೆ ಸಿಬರು ಎದ್ದಾವಂತ, ಡ್ರೈವರ್ ಹೇಳಿದ. ಪಾಲಿಶ್ ಪೇಪರ್ ತಂದು ನುಣ್ಣಗ ತಿಕ್ಕಿ ಇಡ್ರಿ, ಕೂಸಿಗೆ ಚುಚ್ಚಬಾರದು."

"ಅಷ್ಟ ಹೌದಲ್ಲ?"

"ಅಷ್ಟ. ಆದ್ರ ತಲಿಕಡೆ ಹಲಗಿ ಮ್ಯಾಲೆ ನಮ್ಮಪ್ಪನ ಹೆಸರು ಬರದೈತಿ. ಅದಕ್ಕ ಮಾತ್ರ ಕೈ ಹಚ್ಚಬ್ಯಾಡ್ರಿ. ಅವ್ವ ಬಂದ ಕೂಡ್ಲೆ ಮೊದಲ ಅದನ್ನ ನೋಡತಾಳ."

ಅವ್ವ ಎಂದರೆ ರಾಮವ್ವ, ಭೀಮಶಿಯ ಅತ್ತೆ. ಬಸ್ಸಿನಲ್ಲಿ ನೂರು ಮಂದಿಯನ್ನು ಗದರಿಸಿ ಒಳಗೆ ಸರಿಸುವ ಭೀಮಶಿ ಆಕೆಯ ಮುಂದೆ ಮಾತ್ರ ಚಿಲ್ಲರೆ ಇಲ್ಲದ ಪ್ರಯಾಣಿಕನಂತೆ ನಿಲ್ಲುತ್ತಿದ್ದ. ಹೆರಿಗೆಗೆ ಹೋದ ಹೆಂಡತಿ ಐದು ತಿಂಗಳ ಕೂಸಿನೊಂದಿಗೆ ಇವತ್ತು ಸಂಜೆ ಐದರ ಬಸ್ಸಿಗೆ ಬರುವವಳಿದ್ದಳು. ತವರಿನ ತೊಟ್ಟಿಲು ಮುಂದೆ ಹೋಗಬೇಕು, ಕೂಸು ಹಿಂದೆ ಹೋಗಬೇಕು, ಅದೂ ಬೆಸ ತಿಂಗಳಲ್ಲೇ ಹೋಗಬೇಕು ಎಂಬುದು ರಾಮವ್ವನ ಮನೆಯ ಕಟ್ಟುನಿಟ್ಟು. ತಾನೇ ಬೇಯಿಸಿದ ಅರೆಬೆಂದ ಅನ್ನ ತಿಂದು ಭೀಮಶಿ ಬೇಸತ್ತಿದ್ದ. ಮಗಳನ್ನಂತೂ ಎರಡೇ ಸಲ ಎತ್ತಿಕೊಂಡಿದ್ದ. ಈ ಸಂಜೆಗಾಗಿ ಅವನು ದಿನ ಎಣಿಸುತ್ತ ಕೂತಿದ್ದ.

ಪೇಪರ್ ತರಲು ಹೊರಟವನನ್ನು ಪಕ್ಕದ ಮನೆಯ ನಿಜಗುಣಪ್ಪ ಮಾಸ್ತರರು ಕಾಂಪೌಂಡ್ ಗೋಡೆಯ ಮೇಲಿಂದ ತಡೆದರು. ಸಾಲೆಯಲ್ಲಿ ಕಟ್ಟಿಗೆ ಕೆಲಸ ಕಲಿಸಿ ನಿವೃತ್ತರಾದ ಅವರಿಗೆ ಕಲಿಸುವ ಚಟ ಇನ್ನೂ ನಿವೃತ್ತವಾಗಿರಲಿಲ್ಲ.

"ಪಾಲಿಶ್ ಪೇಪರಿಗೆ ನಂಬರ ಇರತಾವು ಭೀಮಶಿ. ನಂಬರ ಸಣ್ಣದಿದ್ದಷ್ಟು ನುಣುಪು. ಎರಡು ನಂಬರ ಒರಟು, ಒಂದು ನಂಬರ ನಡುಮಧ್ಯ, ಝೀರೋ ನಂಬರ ಬೆಣ್ಣಿ. ಝೀರೋ ಕೇಳು."

ಮೊಳೆ, ಬಣ್ಣ ಮಾರುವ ಅಂಗಡಿಯಲ್ಲಿ ಝೀರೋ ಇರಲಿಲ್ಲ. ಮೂವತ್ತಾರು, ಎಂಬತ್ತು, ನೂರೈವತ್ತು, ನಾನೂರು ಇದ್ದವು. ಎಲ್ಲಕ್ಕಿಂತ ಸಣ್ಣದು ಯಾವುದೆಂದು ಲೆಕ್ಕ ಹಾಕಲು ಕಂಡಕ್ಟರನಿಗೆ ಎಷ್ಟು ಹೊತ್ತು ಬೇಕು?

"ಮೂವತ್ತಾರು ಕೊಡ್ರಿ."

"ಎದಕ್ಕರೀ?" ಎಂದ ಅಂಗಡಿಯವ.

"ನಮಗ ಗೊತ್ತೈತಿ, ನೀವು ಕೊಡ್ರಿ," ಎಂದ ಭೀಮಶಿ.

ಕೈಗೆ ಬಂದ ಹಾಳೆ ಮುಟ್ಟಿದರೆ ಅಂಗಳದ ಗರಸಿನಂತಿತ್ತು. ಆದರೂ ಮಾಸ್ತರರು ಸುಳ್ಳು ಹೇಳುತ್ತಾರೆಯೇ? ಭೀಮಶಿ ಪಡಸಾಲೆಯಲ್ಲಿ ಕೂತು ತೊಟ್ಟಿಲಿನ ಅಂಚನ್ನು ಕರ್ ಕರ್ ಎಂದು ತಿಕ್ಕಿದ. ಹತ್ತು ನಿಮಿಷಕ್ಕೆ ಸಿಬರು ಹೋದವು. ಅವುಗಳ ಜಾಗದಲ್ಲಿ ಬೆಕ್ಕು ಪರಚಿದಂಥ ಗೀರುಗಳು ಬಂದವು.

ಸದ್ದು ಕೇಳಿ ಎದುರುಮನೆಯ ಮುದಕವ್ವ ಬಂದಳು. ಎಂಬತ್ತು ದಾಟಿದ ಆಕೆ ಹಾಳೆಯನ್ನು ಎತ್ತಿ ಸವರಿ ನೋಡಿದಳು.

"ತಮ್ಮಾ, ಇದರಾಗ ಒಂದ ತುಂಡ ಕೊಡೋ. ನನ್ನ ಹಿಮ್ಮಡ ಒಡದಾವು, ತಿಕ್ಕಾಕ ಬರೋಬ್ಬರಿ ಆಗತೈತಿ."

ಕೂಸಿನ ತೊಟ್ಟಿಲಿಗೆ ತಂದದ್ದು ಹಿಮ್ಮಡಿಗೆ ಬರೋಬ್ಬರಿ ಎಂದಾಗಲೇ ಭೀಮಶಿ ನಿಲ್ಲಿಸಬೇಕಿತ್ತು. ಅಷ್ಟರಲ್ಲಿ ಮಾಸ್ತರರು ಗೋಡೆ ಬಳಸಿ ಒಳಗೇ ಬಂದುಬಿಟ್ಟರು.

"ಕೈಯಾಗ ಜೋರಿಲ್ಲ ನಿನಗ. ಒತ್ತಿ ತಿಕ್ಕು, ಗೀರು ಹೋಗತಾವು. ಉದ್ದಕ ಎಳಿ, ಉದ್ದಕ!"

ಭೀಮಶಿ ಒತ್ತಿದ, ಉದ್ದಕ್ಕೆ ಎಳೆದ. ಬೆವರಿನ ಕೈ ಜಾರಿ ಹಾಳೆ ತಲೆಕಡೆಯ ಹಲಗೆಯ ಮೇಲೆ ಸರ್ರನೆ ಹಾದುಹೋಯಿತು. ಹಸಿರು ಬಣ್ಣದ ಮೇಲೆ ಹಳದಿಯಲ್ಲಿ 'ಬೀರಪ್ಪ' ಎಂದಿತ್ತು. ಈಗ 'ಬೀ' ಇರಲಿಲ್ಲ. ಉಳಿದದ್ದು 'ರಪ್ಪ' ಮಾತ್ರ.

ಆ ಎರಡಕ್ಷರ ಓದುತ್ತಲೇ ಭೀಮಶಿಗೆ ಅತ್ತೆಯ ಅಂಗೈ ಕಣ್ಣ ಮುಂದೆ ಬಂತು. ರಾಮವ್ವ ಈವರೆಗೆ ಅಳಿಯನ ಮೇಲೆ ಕೈ ಎತ್ತಿದವಳಲ್ಲ ನಿಜ. ಆದರೆ ಗಂಡನ ಹೆಸರನ್ನು ಬಾಯಿಂದ ಕೂಡ ಆಡದೆ ಕಾಪಾಡಿಕೊಂಡು ಬಂದ ಹೆಂಗಸು ಅದನ್ನು ಅಳಿಸಿದವನಿಗೆ ಏನು ಮಾಡಬಹುದು?

ಹರಿದ ಹಾಳೆ ಹಿಡಿದು ಅವನು ಅಂಗಡಿಗೆ ಓಡಿದ. ಅಂಗಡಿಯವ ನಗಲಿಲ್ಲ, ಅದೇ ಅವನ ದೊಡ್ಡತನ.

"ಮಾಸ್ತರರದು ಹಳೇ ಲೆಕ್ಕರೀ. ಈ ನಂಬರ ಜರಡಿ ಇದ್ದಂಗ. ತೂತು ಮೂವತ್ತಾರು ಇದ್ರ ಜ್ವಾಳ ಬೀಳತೈತಿ, ಅಷ್ಟ ಜಾಗಾದಾಗ ನಾನೂರು ಇದ್ರ ಮೈದಾ ಬೀಳತೈತಿ. ನಂಬರ ಏರಿದಷ್ಟು ನುಣುಪು."

"ಹಂಗಾದ್ರ ನಾನೂರು ಕೊಡ್ರಿ ಲಗೂನ!"

"ಮೂವತ್ತಾರರ ಗೀರು ಒಮ್ಮೆಲೆ ನಾನೂರಕ್ಕ ಹೋಗಂಗಿಲ್ಲ. ಎಂಬತ್ತು, ನೂರೈವತ್ತು, ಆಮ್ಯಾಲೆ ನಾನೂರು. ಮೆಟ್ಟಲ ಬಿಟ್ಟು ಇಳಿದ್ರ ಕಾಲು ಮುರೀತಾವು."

ಮೂರೂ ಹಾಳೆ ತಂದು ಕೂತಾಗ ಮಧ್ಯಾಹ್ನ ಎರಡು. ಊಟ ಮರೆತೇಹೋಗಿತ್ತು. ಅಂಚು ಮುಗಿಸಿ ತಲೆಕಡೆಯ ಹಲಗೆಯನ್ನು ಎಂಬತ್ತರಿಂದ ತಿಕ್ಕಿದ. ಹೇಗೂ ಅರ್ಧ ಅಳಿಸಿದ ಹೆಸರು, ಪೂರ್ತಿ ತೆಗೆದು ಹೊಸದಾಗಿ ಬರೆಸುವುದೆಂದು ತೀರ್ಮಾನಿಸಿದ್ದ. ಮಾಸ್ತರರು ತಪ್ಪು ಒಪ್ಪಿಕೊಳ್ಳಲಿಲ್ಲ, ಆದರೆ ಬ್ರಶ್ಶು, ಹಸಿರು, ಹಳದಿ ಬಣ್ಣ ಹಿಡಿದು ಬಂದು ಕೂತರು.

"ನನ್ನ ಅಕ್ಷರ ಮುತ್ತಿನಂಥಾವು. 'ಬೀರಪ್ಪ' ಅಂತ ಹಂಗಂದ್ರ ಹಂಗ ಬರದು ಕೊಡತೇನಿ. ನಿಮ್ಮತ್ತಿ ಅಪ್ಪನಾಣೆ ಗುರ್ತ ಹಿಡ್ಯಂಗಿಲ್ಲ."

ಹಳದಿ ಹೋಯಿತು, ಹಸಿರು ಹೋಯಿತು, ಅದರ ಕೆಳಗಿನ ಕೆಂಪೂ ಹೋಯಿತು. ಸಾಗವಾನಿ ಹೊಂಬಣ್ಣಕ್ಕೆ ಹೊಳೆಯಿತು. ಆಗ ಬಣ್ಣ ತುಂಬಿ ಮುಚ್ಚಿಹೋಗಿದ್ದ ಕೆತ್ತನೆಯ ಅಕ್ಷರಗಳು ಒಂದೊಂದಾಗಿ ಎದ್ದುಬಂದವು. ಮಾಸ್ತರರು ಕನ್ನಡಕ ಏರಿಸಿ ಓದಿದರು.

"ಮಾ... ಳಪ್ಪ. ರಾಮದುರ್ಗ."

ಮಾಳಪ್ಪ ಭೀಮಶಿಯ ಸ್ವಂತ ಅಜ್ಜ!

"ಅಯ್ಯ ಶಿವನ!" ಎಂದು ಮುದಕವ್ವ ತೊಡೆ ತಟ್ಟಿದಳು. "ಇದು ನಿಮ್ಮನಿ ತೊಟ್ಟಲೋ ತಮ್ಮಾ! ನಿಮ್ಮಜ್ಜನ ಕಾಲದಾಗ ಸಿರಸಂಗಿ ಬೀಗರು ಒಂದ ತಿಂಗಳಕ್ಕ ಅಂತ ಒಯ್ದವರು ಕೊಡಲೇ ಇಲ್ಲ. ನಿಮ್ಮಜ್ಜಿ ಸಾಯೋತನಕ ಬೈತಿದ್ಲು!"

ಭೀಮಶಿಯ ಬೆನ್ನು ನೆಟ್ಟಗಾಯಿತು. ಮುಂಜಾನೆಯಿಂದ ನಡುಗಿದ್ದೆಲ್ಲ ಯಾರ ತೊಟ್ಟಿಲಿಗಾಗಿ? ತನ್ನದೇ ತೊಟ್ಟಿಲಿಗಾಗಿ!

ಮಾಸ್ತರರು ಬ್ರಶ್ಶು ಅದ್ದಿದರು. "ಬರೀಲೇನು?"

"ಯಾಕ ಬರೀಬೇಕ್ರಿ? ಬರಲಿ ಅತ್ತಿ. ಇವತ್ತ ನಾನೂ ಎರಡ ಮಾತ ಆಡತೇನಿ."

ನೂರೈವತ್ತು, ಆಮೇಲೆ ನಾನೂರು. ಐದರ ಹೊತ್ತಿಗೆ ತೊಟ್ಟಿಲು ಕೂಸಿನ ಗಲ್ಲದಷ್ಟು ನುಣ್ಣಗಾಗಿ ತೊಲೆಗೆ ತೂಗಿತು.

ರಾಮವ್ವ ಮೊಮ್ಮಗಳನ್ನು ಎತ್ತಿಕೊಂಡು ಹೊಸ್ತಿಲಿನ ಆಚೆಯೇ ನಿಂತು ಒಳಗೆ ನೋಡಿದಳು. ಹಿಂದೆ ಉಮಾಶ್ರೀ ಗಂಡನನ್ನು ಕಂಡು ನಕ್ಕಳು.

"ಅಳಿಯಂದ್ರ, ಅವರ ಹೆಸರು ಎಲ್ಲೈತ್ರಿ?"

"ಉಮಾ, ಏನ ಬರದೈತಿ ಓದಿ ಹೇಳು ಅವ್ವಗ," ಎಂದ ಭೀಮಶಿ, ಕೈ ಕಟ್ಟಿಕೊಂಡು.

ಉಮಾಶ್ರೀ ಒಳಗೆ ಬಂದು ಓದಿದಳು. ಮುದಕವ್ವ ಕೇಳದಿದ್ದರೂ ಸಾಕ್ಷಿ ನುಡಿದಳು. ರಾಮವ್ವ ಸಿಟ್ಟಿಗೇಳಲಿಲ್ಲ. ಅದನ್ನು ಕಂಡಾದರೂ ಭೀಮಶಿ ಹೆದರಬೇಕಿತ್ತು.

"ಅಂದ್ರ ಇದು ನಿಮ್ಮ ತೊಟ್ಟಲ?"

"ನಮ್ಮದ!"

"ನಮ್ಮದಲ್ಲ?"

"ಎಳ್ಳಷ್ಟೂ ಅಲ್ರಿ!"

"ಛಲೋ ಆತು. ತವರಿನ ತೊಟ್ಟಲ ಇನ್ನೂ ಬಂದಿಲ್ಲ ಅಂದಂಗಾತು. ಅದು ಬರದ ಕೂಸು ಹೊಸ್ತಿಲಾ ದಾಟಂಗಿಲ್ಲ. ಹೊಸಾದು ಮಾಡಸತೇವಿ. ಮಾಡಸೂದ್ರಾಗ ಆರನೇದು ಹತ್ತತೈತಿ, ಅದು ಸಮ ತಿಂಗಳು. ಏಳರಾಗ ಬರತೇವಿ. ಈ ಬಸ್ ತಿರಗಿ ಎಷ್ಟಕ್ಕ ಹೋಗತೈತ್ರಿ?"

"ಆರಕ್ಕ ಹತ್ತು ಕಮ್ಮಿ," ಎಂದುಬಿಟ್ಟ ಭೀಮಶಿ. ಹತ್ತು ವರ್ಷದ ನೌಕರಿಯ ನಾಲಿಗೆ ಅದು. ಮರುಕ್ಷಣವೇ ಅಂಗಲಾಚಿದ, "ಅತ್ತಿ, ಚಾಷ್ಟಿ ಮಾಡಿದ್ನಿರಿ! ಇದು ನಿಮ್ಮದ, ಖರೇನ ನಿಮ್ಮದ!"

"ಅಜ್ಜನ ಹೆಸರು ಕಣ್ಣಾಗ ಹೊಡಿಯಾಕತ್ತೈತಿ, ನಮ್ಮದು ಹೆಂಗ ಆಗತೈತ್ರಿ?"

ಉಮಾಶ್ರೀ ಕೈ ಚಾಚಿ ಅಂಚನ್ನು ಒಮ್ಮೆ ಸವರಿದಳು. "ಭಾಳ ನುಣ್ಣಗ ಮಾಡೀರಿ," ಎಂದಳು. ಅವ್ವನ ಹಿಂದೆ ಮೆಟ್ಟಿಲಿಳಿದು ಹೋದಳು. ಅಜ್ಜಿಯ ಹೆಗಲ ಮೇಲಿಂದ ಕೂಸು ಅಪ್ಪನನ್ನು ನೋಡಿ ಬೊಚ್ಚುಬಾಯಿ ತೆರೆಯಿತು.

ಭೀಮಶಿ ಮೂವತ್ತಾರು ನಂಬರಿನ ಹರಿದ ಹಾಳೆ ಹುಡುಕಿ ತೆಗೆದು, ಅಜ್ಜನ ಹೆಸರನ್ನು ಕರ್ ಕರ್ ಎಂದು ತಿಕ್ಕತೊಡಗಿದ. ಬಸ್ಸು ಬಿಡಲು ಇನ್ನೂ ಅರ್ಧ ಗಂಟೆಯಿತ್ತು.

ಮಾಸ್ತರರು ಬಣ್ಣದ ಡಬ್ಬಿಯ ಮುಚ್ಚಳ ಹಾಕುತ್ತ ಹೇಳಿದರು, "ಬಿಡೋ ಭೀಮಶಿ. ಅವು ಕೆತ್ತಿದ ಅಕ್ಷರ. ಯಾವ ನಂಬರಿಗೂ ಹೋಗಂಗಿಲ್ಲ."