ರಾಯಭಾರದ ಮುಯ್ಯಿ

ಯಜ್ಞನಾರಾಯಣನಿಗೆ ಗ್ರಹಚಾರ ವಕ್ರಿಸಿದ್ದು ಪೇಪರಿನಿಂದ. ಶಿವಮೊಗ್ಗದ ಸರ್ಕಾರಿ ಕಚೇರಿಯೊಂದರಲ್ಲಿ ಗುಮಾಸ್ತನಾಗಿದ್ದ ಅವನು ಎಲ್ಲರೂ ಮಗುಚಿ ಹಾಕುವ ವಿದೇಶದ ಪುಟವನ್ನೇ ಮೊದಲು ಓದುತ್ತಿದ್ದ. ಎರಡು ದೊಡ್ಡ ದೇಶಗಳ ನಡುವೆ ಅಡಕತ್ತರಿಯಲ್ಲಿ ಸಿಕ್ಕ ಅಡಿಕೆಯಂತಿದ್ದ ಒಂದು ಪುಟ್ಟ ಬೆಟ್ಟದ ರಾಜ್ಯದ ಮೇಲೆ ಅವನಿಗೆ ಅದೇನೋ ಮೋಹ. ಅತ್ತ ಕಡೆಯವರು ಅದಕ್ಕೆ ರಸ್ತೆ ಹಾಕಿಕೊಡುತ್ತೇವೆ ಎಂದರೆ, ಇತ್ತ ನಮ್ಮವರು ಸೇತುವೆ ಕಟ್ಟಿಕೊಡುತ್ತೇವೆ ಎನ್ನುತ್ತಿದ್ದರು. ಅಲ್ಲಿ ನಮ್ಮ ರಾಯಭಾರ ಕಚೇರಿ ಶುರುವಾಗುತ್ತದೆಂದು ಓದಿದ ದಿನದಿಂದ ಅವನ ಕಣ್ಣೆದುರು ಹಿಮ ಬೀಳತೊಡಗಿತು. ಫೈಲಿನ ಮೇಲೆ ಹಿಮ, ಸಾರಿನ ಬಟ್ಟಲಲ್ಲಿ ಹಿಮ. ಆ ಬಿಳುಪಿನ ನಡುವೆ, ಬಾವುಟದ ಕೆಳಗೆ, ಕರಿ ಕೋಟು ತೊಟ್ಟು ತಾನು ನಿಂತಿರುವಂತೆ ಕಾಣುತ್ತಿತ್ತು.

ಕನಸು ಕಂಡು ಸುಮ್ಮನಿದ್ದಿದ್ದರೆ ಯಾರಿಗೂ ನಷ್ಟವಿರಲಿಲ್ಲ. ಪುಣ್ಯಾತ್ಮ ಅದನ್ನು ಕಚೇರಿಯಲ್ಲೆಲ್ಲ ಹೇಳಿಕೊಂಡು ತಿರುಗಿದ. ಹಾಗಾಗಿ ಆ ರಾಜ್ಯದ ಸರದಾರರೊಬ್ಬರು ಸೇತುವೆಗೆ ಬೇಕಾದ ಕಬ್ಬಿಣ ನೋಡಲು ಭದ್ರಾವತಿಯ ಕಾರ್ಖಾನೆಗೆ ಬರುತ್ತಾರೆಂದು ತಂತಿ ಬಂದಾಗ, ಶಿರಸ್ತೇದಾರ ಗಂಗಾಧರಪ್ಪನವರು ಅವನನ್ನೇ ಕರೆದರು.

"ಆ ಜನದ ವಿಷಯ ನಿಮಗೇ ಗೊತ್ತಲ್ರೀ, ನೀವೇ ಜೊತೆಗಿರಿ. ಅವರ ಜೊತೆ ಬರೋ ದಿಲ್ಲಿ ಸಾಹೇಬ್ರಿಗೆ ಮೆಚ್ಚುಗೆ ಆದ್ರೆ ಅಲ್ಲಿನ ಕಚೇರಿಗೆ ಒಬ್ಬರನ್ನ ಇಲ್ಲಿಂದ್ಲೇ ತಗೋತಾರಂತೆ" ಎಂದರು.

ಇನ್ನೇನು ಬೇಕು? ಮರುದಿನ ಬೆಳಿಗ್ಗೆ ಯಜ್ಞನಾರಾಯಣ ಇಸ್ತ್ರಿ ಮಾಡಿದ ಪಂಚೆಯುಟ್ಟು ಪ್ರವಾಸಿ ಬಂಗಲೆಯ ಮುಂದೆ ನಿಂತ. ಸಾಮಾನು ಹೊರಲು ಹೆಂಡತಿ ಭವಾನಿಯ ತಮ್ಮ ತ್ರಿವಿಕ್ರಮನನ್ನು ಕರೆತಂದಿದ್ದ. ಇಂಟರ್ ಫೇಲಾದ ಮೇಲೆ ಅಕ್ಕನ ಮನೆಯಲ್ಲಿ ಊಟಕ್ಕೂ ನಿದ್ದೆಗೂ ಮೋಸವಿಲ್ಲದೆ ಇದ್ದ ಹುಡುಗ. ಎಬ್ಬಿಸಿದ್ದೇ ದೊಡ್ಡ ಸಾಹಸ.

ಸರದಾರರು ಒಳಗಿಂದ ಬಂದರು. ಗುಂಡಗಿನ ಮುದುಕ, ಮುಖದ ತುಂಬ ನಗು. ಬೆನ್ನಿಗೆ ಬಾಗಿಲಿನಷ್ಟು ಅಗಲದ ಅವರ ಅಕ್ಕನ ಮಗ. ಪಕ್ಕದಲ್ಲಿ ಅವರ ಮಾತನ್ನು ಹಿಂದಿಗೆ ತಿರುಗಿಸಿ ಹೇಳುವ ದಿಲ್ಲಿ ಸಾಹೇಬರು. ಸರದಾರರು ಬಂದವರೇ ಯಜ್ಞನಾರಾಯಣನ ಕೊರಳಿಗೆ ಬಿಳಿ ರೇಷ್ಮೆಯ ವಸ್ತ್ರ ಹಾಕಿ ತಲೆ ಬಾಗಿದರು. ಅವನಿಗೆ ಅದು ರೇಷ್ಮೆ ಎನ್ನಿಸಲಿಲ್ಲ, ಹಿಮವೇ ಕೊರಳಿಗೆ ಬಿದ್ದಂತಾಯಿತು.

ತೊಂದರೆ ಹುಟ್ಟಿದ್ದು ಅಲ್ಲೇ. ಒಬ್ಬರು ಮುಯ್ಯಿ ಮಾಡಿದ ಮೇಲೆ ತಿರುಗಿ ಮುಯ್ಯಿ ಮಾಡದಿದ್ದರೆ ನಮ್ಮ ಕಡೆ ಮುಖ ಎತ್ತಿ ಓಡಾಡುವಂತಿಲ್ಲ. ಮಾಡುವುದೂ ಪಡೆದದ್ದಕ್ಕಿಂತ ಒಂದು ತೂಕ ಹೆಚ್ಚೇ ಇರಬೇಕು. ಎಲ್ಲರೂ ಭದ್ರಾವತಿಗೆ ಹೊರಟಿದ್ದ ಜೀಪನ್ನು ಅವನು ದುರ್ಗಿಗುಡಿಯ ತನ್ನ ಮನೆಯ ಮುಂದೆ ನಿಲ್ಲಿಸಿ ಒಳಗೆ ಓಡಿದ. ಭವಾನಿ ಒಂದು ತೆಂಗಿನಕಾಯಿ ಕೊಡಲು ಹೊರಟಳು. ಪಕ್ಕದ ಮನೆಯ ವೀರಮ್ಮ ಅಷ್ಟರಲ್ಲಿ ಬಂದು ನಿಂತಿದ್ದರು.

"ರೇಷ್ಮೆಗೆ ತೆಂಗಿನಕಾಯಾ ರಾಯ್ರೇ? ಇದು ನಿಮ್ಮೊಬ್ಬರ ಮನೆ ಮುಯ್ಯಲ್ಲ, ದೇಶದ್ದು" ಎಂದು ಗದರಿ, ಭವಾನಿಯ ಗಂಧದ ಪೆಟ್ಟಿಗೆಯನ್ನು ತಾವೇ ಕಪಾಟಿನಿಂದ ತೆಗೆದುಕೊಟ್ಟರು. ಅದು ಭವಾನಿಯ ತವರಿನದು. ಅವಳು ಬಾಯಿ ಬಿಡುವುದರೊಳಗೆ ಪೆಟ್ಟಿಗೆ ಜೀಪು ಹತ್ತಿತ್ತು.

ಸರದಾರರು ಅದನ್ನು ಮೂಸಿ ಮೂಸಿ ಹಿಗ್ಗಿದರು. ಆದರೆ ಅವರ ಬೆಟ್ಟದಲ್ಲೂ ಇದೇ ಪದ್ಧತಿ ಇರಬೇಕೇ? ಭದ್ರಾವತಿ ತಲುಪುವಷ್ಟರಲ್ಲಿ ಅವರು ಮೈಮೇಲಿನ ಉಣ್ಣೆಯ ನಿಲುವಂಗಿ ಕಳಚಿ ಅವನಿಗೆ ತೊಡಿಸಿದರು. ತುಪ್ಪಳದ ಟೋಪಿಯನ್ನೂ ಇಟ್ಟರು. ಏಪ್ರಿಲ್ ತಿಂಗಳ ನಡು ಮಧ್ಯಾಹ್ನ. ಓಲ್ಡ್ ಟೌನಿನ ಪೇಟೆಯಲ್ಲಿ ಜನ ಅವನನ್ನು ನೋಡಿ, ಯಾರೋ ಕರಡಿ ಆಡಿಸಲು ತಂದಿದ್ದಾರೆಂದುಕೊಂಡು ಜೀಪಿನ ಹಿಂದೆ ಸ್ವಲ್ಪ ದೂರ ನಡೆದರು.

ಕಾರ್ಖಾನೆಯಲ್ಲಿ ಕುಲುಮೆಯ ಬಾಯಿ ತೆರೆಯಿತು. ಕಬ್ಬಿಣ ಕೆಂಪು ಹೊಳೆಯಾಗಿ ಹರಿಯಿತು. ಯಜ್ಞನಾರಾಯಣ ಟೋಪಿಗೆ ಕೈ ಹಾಕಿದ. ದಿಲ್ಲಿ ಸಾಹೇಬರು ಅವನ ಕಿವಿಯಲ್ಲಿ, ಈಗ ತೆಗೆದರೆ ಅವರಿಗೆ ಅವಮಾನ, ಸೇತುವೆ ಹೋಗಿ ಅತ್ತ ಕಡೆಯವರ ರಸ್ತೆಯೇ ಗತಿಯಾಗುತ್ತದೆ ಎಂದು ಪಿಸುಗುಟ್ಟಿದರು. ಕೈ ಕೆಳಗಿಳಿಯಿತು. ಇವತ್ತೊಂದು ದಿನ ತಡೆದುಕೊಂಡರೆ ಬದುಕೆಲ್ಲ ತಂಪು ಎಂದು ತನಗೆ ತಾನೇ ಹೇಳಿಕೊಂಡ.

ಬೆವರು ಕಾಲುವೆಯಾಯಿತು. ಆಮೇಲೆ ಬೆವರೂ ನಿಂತಿತು. ಕೆಂಪು ಹೊಳೆ ಮೆಲ್ಲನೆ ಬೆಳ್ಳಗಾಯಿತು. ಹಾರುವ ಕಿಡಿಗಳೆಲ್ಲ ಹಿಮದ ಹೂವಾಗಿ ಸದ್ದಿಲ್ಲದೆ ಇಳಿದವು. ಬೆಟ್ಟದ ಮೇಲೊಂದು ಬಾವುಟ ಹಾರಿತು, ಯಾರೋ ದೂರದಲ್ಲಿ ಗಂಟೆ ಬಾರಿಸಿದರು. ಎಷ್ಟು ಸುಖ, ಎಷ್ಟು ತಣ್ಣಗಿದೆ ಎಂದುಕೊಳ್ಳುತ್ತ ಅವನು ಹಿಮದ ಮೇಲೆ ಮೆಲ್ಲನೆ ಮಲಗಿದ.

ಎಚ್ಚರವಾದಾಗ ಕಾರ್ಖಾನೆಯ ಅತಿಥಿಗೃಹದ ಬೆಂಚಿನ ಮೇಲಿದ್ದ. ತ್ರಿವಿಕ್ರಮ ನೀರು ಚಿಮುಕಿಸುತ್ತಿದ್ದ. ನಿಲುವಂಗಿ ಇನ್ನೂ ಮೈಮೇಲಿತ್ತು; ಅದಕ್ಕೆ ತಾನು ತಿರುಗಿ ಏನೂ ಕೊಟ್ಟಿಲ್ಲವೆಂಬುದು ಮೊದಲು ನೆನಪಾಯಿತು. ಮಲಗಿದಲ್ಲೇ ಮಾವ ಮದುವೆಯಲ್ಲಿ ಕೊಟ್ಟ ಕೈಗಡಿಯಾರ ಬಿಚ್ಚಿ ಸರದಾರರ ಕೈಗಿಟ್ಟ.

ಮುದುಕನ ಕಣ್ಣು ತುಂಬಿ ಬಂತು. ಅವರು ಬಹಳ ಹೊತ್ತು ಮಾತಾಡಿದರು. ದಿಲ್ಲಿ ಸಾಹೇಬರು ಅದನ್ನೆಲ್ಲ ಹಿಂದಿಯಲ್ಲಿ ಹೇಳುತ್ತ ಹೋದರು. ನಮ್ಮ ಬಟ್ಟೆಯ ಮರ್ಯಾದೆಗಾಗಿ ಬೆಂಕಿಯ ಮುಂದೆ ನಿಂತ ಈತನಿಗೆ ಇನ್ನು ವಸ್ತು ಕೊಟ್ಟು ತೀರುವುದಿಲ್ಲ. ಅಕ್ಕನ ಮಗನನ್ನೇ ಕೊಡುತ್ತೇನೆ. ಕಬ್ಬಿಣದ ಕೆಲಸ ಕಲಿಯುವವರೆಗೆ ಈತನ ಮನೆಯಲ್ಲೇ ಇರಲಿ. ಅದಕ್ಕೆ ಬದಲಾಗಿ ಈ ಮನೆಯಿಂದ ಒಬ್ಬರು ನಮ್ಮಲ್ಲಿಗೆ ಬರಲಿ, ರಾಯಭಾರ ಕಚೇರಿಯ ಕೆಲಸಕ್ಕೆ ನಾನೇ ಹೇಳಿ ಸೇರಿಸುತ್ತೇನೆ ಎಂದರು ಸರದಾರರು. ದಿಲ್ಲಿ ಸಾಹೇಬರೂ ಒಪ್ಪಿದರು.

ಯಜ್ಞನಾರಾಯಣ ತಟ್ಟನೆ ಎದ್ದು ಕೂತ. "ನಾನೇ ಬರ್ತೀನಿ. ಈಗ್ಲೇ ಬೇಕಾದ್ರೂ ಹೊರಡ್ತೀನಿ" ಎಂದ. ಸಂಭ್ರಮದಲ್ಲಿ ಹಿಂದಿ ಮರೆತು ಕನ್ನಡದಲ್ಲೇ ಹೇಳಿಬಿಟ್ಟಿದ್ದ. ಆದರೂ ಎಲ್ಲರಿಗೂ ಅರ್ಥವಾಯಿತು.

ಸರದಾರರು ನಗುತ್ತಲೇ ತಲೆಯಾಡಿಸಿದರು. ಈತನ ಮುಖ ನೋಡಿ ಅಕ್ಕನ ಮಗನನ್ನು ಬಿಡುತ್ತಿದ್ದೇನೆ. ಈತನೇ ಹೊರಟುಬಂದರೆ ಅವನನ್ನು ಯಾರ ಕೈಗೆ ಒಪ್ಪಿಸಲಿ? ಮನೆಯ ಯಜಮಾನ ಮನೆಯಲ್ಲೇ ಇರಬೇಕು ಎಂದರು. ಆಮೇಲೆ ಅವರ ದೃಷ್ಟಿ ನೀರಿನ ಚೊಂಬು ಹಿಡಿದು ಆಕಳಿಸುತ್ತಿದ್ದ ತ್ರಿವಿಕ್ರಮನ ಮೇಲೆ ಬಿತ್ತು. ನಮ್ಮ ಅಕ್ಕನ ಮಗನಿಗೆ ಬದಲಾಗಿ ನಿಮ್ಮ ಹೆಂಡತಿಯ ತಮ್ಮ, ಸರಿಹೋಯಿತು ಎಂದರು.

"ಅಲ್ಲಿ ಬೆಳಿಗ್ಗೆ ಎಷ್ಟು ಹೊತ್ತಿಗೆ ಏಳ್ಬೇಕಂತೆ ಭಾವ?" ಎಂದು ತ್ರಿವಿಕ್ರಮ ಕೇಳಿದ.

ಸಂಜೆ ದುರ್ಗಿಗುಡಿಯ ಮನೆ ಮದುವೆ ಮನೆಯಂತಾಯಿತು. ತಮ್ಮನಿಗೆ ಕೆಲಸ ಸಿಕ್ಕಿದ್ದಕ್ಕೆ ಭವಾನಿ ಗಂಧದ ಪೆಟ್ಟಿಗೆಯ ದುಃಖ ಮರೆತು ಗಂಡನಿಗೆ ದೃಷ್ಟಿ ನಿವಾಳಿಸಿದಳು. ಇಂಥ ಭಾವ ಯಾರಿಗುಂಟು ಎಂದು ವೀರಮ್ಮ ಬೀದಿಗೆಲ್ಲ ಹೇಳಿ ಬಂದರು. ಗಂಗಾಧರಪ್ಪನವರು ಬಂದು ಬೆನ್ನು ತಟ್ಟಿ, ದೇಶದ ಅತಿಥಿ ಮನೆಯಲ್ಲಿರುವವರೆಗೆ ನಿಮಗೆ ಊರು ಬಿಡಲು ರಜೆಯಿಲ್ಲ ಎಂದು ತಿಳಿಸಿ, ಕಾಫಿ ಕುಡಿದು ಹೋದರು. ಒಳಗೆ ಸರದಾರರ ಅಕ್ಕನ ಮಗ, ಭವಾನಿ ಮಾಡಿಟ್ಟ ಉಪ್ಪಿಟ್ಟನ್ನೆಲ್ಲ ಮುಗಿಸಿ ಮತ್ತೆ ತಟ್ಟೆ ಚಾಚುತ್ತಿದ್ದ.

ಯಜ್ಞನಾರಾಯಣ ಜಗುಲಿಯ ಕಂಬಕ್ಕೆ ಒರಗಿ ಕಣ್ಣು ಮುಚ್ಚಿದ. ಹಿಮ ಎಂದಿನಂತೆ ಬಂತು. ಬೆಟ್ಟ ಬಂತು, ಬಾವುಟವೂ ಬಂತು. ಅದರ ಕೆಳಗೆ ಕರಿ ಕೋಟು ತೊಟ್ಟು ತ್ರಿವಿಕ್ರಮ ನಿಂತಲ್ಲೇ ತೂಕಡಿಸುತ್ತಿದ್ದ.