ದೊಡ್ಡವ್ವನ ಒಡಪು

ಹಾನಗಲ್ಲ ತಾಲೂಕಿನಲ್ಲಿ ನಮ್ಮ ದೊಡ್ಡವ್ವನಷ್ಟು ಕೆಟ್ಟದಾಗಿ ಒಡಪು ಹೇಳುವವರು ಇನ್ನೊಬ್ಬರಿರಲಿಲ್ಲ. ಈ ಸಂಗತಿ ಗೊತ್ತಿಲ್ಲದವರೂ ತಾಲೂಕಿನಲ್ಲಿ ಒಬ್ಬರೇ ಇದ್ದರು. ಅದು ದೊಡ್ಡವ್ವ!

ಐವತ್ತರ ದಶಕದ ಮಾತು. ಹೆಂಗಸರು ಗಂಡನ ಹೆಸರನ್ನು ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಶುಭಕಾರ್ಯದಲ್ಲಿ ಮಾತ್ರ ಗಂಡ-ಹೆಂಡತಿ ಇಬ್ಬರನ್ನೂ ಉಳಿದ ಹೆಂಗಸರು ಬಾಗಿಲಲ್ಲಿ ತಡೆದು, ಹೆಂಡತಿ ಗಂಡನ ಹೆಸರನ್ನು ಪ್ರಾಸದ ಸಾಲಿನಲ್ಲಿ ಪೋಣಿಸಿ ಹೇಳಿದ ಮೇಲೆಯೇ ಒಳಗೆ ಬಿಡುವ ಪದ್ಧತಿ. ಅದೇ ಒಡಪು. ಉಳಿದವರು ಎರಡು ಸಾಲು ಹೇಳಿ ಒಳಗೆ ಓಡಿದರೆ, ದೊಡ್ಡವ್ವ ಅಕ್ಕಿಆಲೂರಿನ ಸಂತೆಯಿಂದ ಶುರು ಮಾಡಿ ಬದನೆಕಾಯಿ, ಎತ್ತು, ಬಳೆ, ಬೀಗರು ಎಲ್ಲರನ್ನೂ ಸುತ್ತುವಳು. ಗಂಡನ ಹೆಸರು ಮಾತ್ರ ಬರುತ್ತಲೇ ಇರಲಿಲ್ಲ!

"ಸಾಕು ಮಾಡ ದೊಡ್ಡವ್ವಾ," ಎಂದರೆ, "ಎರಡ ಸಾಲಿನಾಗ ಮುಗ್ಯಾಕ ಗಂಡ ಅಂದ್ರ ಅಷ್ಟ ಸಣ್ಣ ವಿಷಯ ಏನಬೇ?" ಎಂದು ನನಗೇ ಗದರುವಳು.

ನಮ್ಮ ಹೊಸ ಮನೆಯ ಪ್ರವೇಶದ ದಿನವಂತೂ ದೊಡ್ಡಪ್ಪ ಬಿಸಿಲಿನಲ್ಲಿ ಬರಿಗಾಲಲ್ಲಿ ನಿಂತು ನಿಂತು ಸೋತುಹೋದ. ಕೊನೆಗೆ ತಾನೇ ಕೈ ಮುಗಿದ: "ನನ್ನ ಹೆಸರು ಬಸಪ್ಪ ಐತ್ರೆವ್ವಾ, ಕಾಲು ಸುಡಾಕತ್ತಾವು, ಒಳಗ ಬಿಡ್ರಿ!"

ದೊಡ್ಡವ್ವ ಸಿಟ್ಟಾದಳು. "ಇನ್ನೇನು ಹೇಳಾಕಿ ಇದ್ನಿ, ನಡುವ ಬಾಯಿ ಹಾಕಿದ್ರಿ!"

ಸಾಲದ್ದಕ್ಕೆ ಮದುವಣಗಿತ್ತಿಯರಿಗೆ ಪಾಠ ಬೇರೆ! ಸವಣೂರಿನಲ್ಲಿ ಅವಳ ಶಿಷ್ಯೆಯೊಬ್ಬಳು ಬದನೆಕಾಯಿ, ಬೆಂಡೆಕಾಯಿ, ಹೀರೆಕಾಯಿ ಎನ್ನುತ್ತ ಅಲ್ಲೇ ಸಿಕ್ಕಿಕೊಂಡಳು. ಪಾಪ, ಮದುಮಗ ಗಾಬರಿಯಾಗಿ, "ಈಗ ಸಂತೀಗೆ ಹೋಗಬೇಕೇನ್ರಿ?" ಎಂದನಂತೆ. ದೊಡ್ಡವ್ವನ ತೀರ್ಪು: "ಹುಡುಗಿಗೆ ನೆನಪಿಲ್ಲ. ಒಡಪು ಗಟ್ಟಿ ಐತಿ."

ದೊಡ್ಡಪ್ಪ ತೀರಿಕೊಂಡ ಮೇಲೆ ಆ ಬಾಯಿ ನಿಂತಿತು. ಶುಭಕಾರ್ಯವಿದ್ದರೆ ಅಡುಗೆಮನೆ ಸೇರಿ ಹೋಳಿಗೆ ಲಟ್ಟಿಸುವಳು. ಬಾಗಿಲಿಗೆ ಅವಳನ್ನು ಯಾರೂ ಕರೆಯಲಿಲ್ಲ, ಅವಳೂ ಬರಲಿಲ್ಲ. ಅವಳಿಲ್ಲದ ಬಾಗಿಲನ್ನು ನನಗೆ ಸಹಿಸಲಾಗುತ್ತಿರಲಿಲ್ಲ.

ನನ್ನ ಮದುವೆ ನಮ್ಮ ಮನೆಯಲ್ಲೇ ಆಯಿತು. ಹೆಂಗಸರು ಬಾಗಿಲು ಅಡ್ಡಗಟ್ಟಿದಾಗ ನಾನು ಹಟ ಹಿಡಿದೆ.

"ದೊಡ್ಡವ್ವ ಬಂದು ಹೇಳಿಕೊಡ್ಲಿ. ಇಲ್ಲಾಂದ್ರ ನಾ ಹೇಳಂಗಿಲ್ಲ."

"ಆಕೀನ ಯಾಕ ಕರೀತಿ, ಇಂಥಾ ಹೊತ್ತಿನಾಗ?" ಹಿರಿಯಳೊಬ್ಬಳು ಪಿಸುಗುಟ್ಟಿದಳು. ನಾನು ಹೊಸ್ತಿಲು ದಾಟಲಿಲ್ಲ.

ಕೊನೆಗೆ ದೊಡ್ಡವ್ವ ಹಿಟ್ಟಿನ ಕೈ ಒರೆಸಿಕೊಳ್ಳುತ್ತ ಬಂದಳು. ಹೊಸ್ತಿಲನ್ನೇ ನೋಡಿದಳು. ಸಂತೆ ಬರಲಿಲ್ಲ, ಬದನೆಕಾಯಿಯೂ ಬರಲಿಲ್ಲ.

"ಹೊಸ್ತಿಲ ಮುಂದ ಇಟ್ಟೇನಿ ಹಾಲು ಬೆಲ್ಲ ತುಪ್ಪ,
ಕಾಲು ಸುಟ್ರೂ ಕಾದು ನಿಂತವ್ರು ನಮ್ಮ ಬಸಪ್ಪ."

ಎರಡೇ ಸಾಲು. ನನಗೆ ಹೇಳಿಕೊಡಲು ಬಂದವಳ ಬಾಯಲ್ಲಿ ತನ್ನ ಗಂಡನ ಹೆಸರೇ ಬಂದುಬಿಟ್ಟಿತ್ತು! ದೊಡ್ಡವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ನನಗೆ ಅಳು ಒತ್ತರಿಸಿ ಬಂತು. ಅದೇ ಸಾಲುಗಳನ್ನು ಹೇಳಿ, ಕೊನೆಗೆ ನನ್ನ ಗಂಡನ ಹೆಸರು ಸೇರಿಸಿದೆ. "ತುಪ್ಪ"ಕ್ಕೆ "ಮಲ್ಲಿಕಾರ್ಜುನ" ಒಗ್ಗುವುದುಂಟೇ?

ದೊಡ್ಡವ್ವ ಕಣ್ಣು ಒರೆಸಿಕೊಂಡು ನಕ್ಕಳು. "ನಿನಗ ಒಡಪು ಬರಂಗಿಲ್ಲ ಬಿಡವಾ," ಎನ್ನುತ್ತ, ಬಾಗಿಲಿಗೆ ಅಡ್ಡ ನಿಂತವರನ್ನು ತಾನೇ ಸರಿಸಿ, ನನ್ನ ಕೈ ಹಿಡಿದು ಒಳಗೆ ಕರೆದುಕೊಂಡಳು.